ಯಾರೂ ಒತ್ತದ ಬಟನ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿಯಿಂದ ಹಿಡಿದು ಕಾಲೇಜಿನ ಜವಾನನವರೆಗೆ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಬಸವಕಲ್ಯಾಣದ ಡಿಗ್ರಿ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಅರ್ಥಶಾಸ್ತ್ರ ಹೇಳುತ್ತಿದ್ದೇನೆ. ಅದರಲ್ಲೂ ಯಾರೂ ಮುಟ್ಟಲು ಬಯಸದ ಸಂಖ್ಯಾಶಾಸ್ತ್ರದ ಪತ್ರಿಕೆ ಮೊದಲಿನಿಂದ ನನ್ನ ಪಾಲಿಗೇ ಬಂದಿದೆ. ನಾನು ಪಾಠ ಶುರು ಮಾಡಿದರೆ ರಸ್ತೆಯಾಚೆಯ ಝೆರಾಕ್ಸ್ ಅಂಗಡಿಯ ಅಜೀಮುದ್ದೀನನಿಗೂ ಕೇಳುತ್ತದೆ. ‘ಬಸವಣಪ್ಪ ಸರ್, ಈ ಸಲ ಪರೀಕ್ಷಾಕ್ಕ ನಾನೂ ಕೂಡ್ತೀನ್ರಿ’ ಎಂದು ಅವನು ತಮಾಷೆ ಮಾಡುತ್ತಾನೆ. ಇಂಥ ನನಗೆ ಪಾಠ ಹೇಗೆ ಮಾಡಬೇಕೆಂದು ಇಪ್ಪತ್ತೊಂಬತ್ತರ ಹುಡುಗಿಯೊಬ್ಬಳು ಹೇಳಿಕೊಡುತ್ತಾಳೆ ಎಂದರೆ ಮೈ ಉರಿಯದೆ ಇನ್ನೇನು?

ವಿಶ್ವವಿದ್ಯಾಲಯದ ಆದೇಶ ಬಂದದ್ದು ಜೂನ್‌ನಲ್ಲಿ. ದಿನಾ ಕಾಲೇಜಿಗೆ ಬರಲಾಗದವರಿಗಾಗಿ ಒಂದು ಹೈಬ್ರಿಡ್ ಬ್ಯಾಚ್ ತೆರೆಯಬೇಕು. ವಾರವೆಲ್ಲ ಪಾಠ ಫೋನಿನಲ್ಲಿ, ಭಾನುವಾರ ಮಾತ್ರ ತರಗತಿಯಲ್ಲಿ. ಇದೆಲ್ಲ ಪ್ರಯೋಗಕ್ಕೆ. ಅವಧಿಯ ನಡುವೆ ಒಂದು ಸಮಿತಿ ಪರಿಶೀಲನೆ ಮಾಡುತ್ತದೆ. ಸಮಿತಿ ಒಪ್ಪಿದರೆ ಬ್ಯಾಚ್ ಉಳಿಯುತ್ತದೆ, ಒಪ್ಪದಿದ್ದರೆ ಮುಚ್ಚುತ್ತದೆ. ಮುಚ್ಚಿದರೆ ಎಲ್ಲರೂ ದಿನಾ ಬರಬೇಕು, ಬರಲಾಗದವರು ಓದು ಬಿಡಬೇಕು.

ಹೈಬ್ರಿಡ್ ಎಂದರೆ ನಮ್ಮ ಕಡೆಯವರಿಗೆ ಗೊತ್ತಿರುವುದು ಜೋಳದ ಬೀಜ. ಸೇರಲು ಬಂದವರಲ್ಲಿ ಅರ್ಧ ಮಂದಿ, ‘ಇದು ಅಸಲಿ ಡಿಗ್ರಿ ಹೌದಲ್ರಿ ಸರ್?’ ಎಂದು ಕೇಳಿದರು. ಆದರೂ ನಲವತ್ತೊಂದು ಹೆಸರು ಬಂದವು. ಲಾರಿ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುವ ಸಲ್ಮಾನ್ ಇದ್ದ, ಮಂಠಾಳದಿಂದ ಬರುವ ಹೊಲಿಗೆಯ ಹೆಂಗಸರಿದ್ದರು, ಕೂಲಿಗೆ ಹೋಗುವವರಿದ್ದರು. ಎರಡನೆಯ ಬೆಂಚಿನಲ್ಲಿ ನಾರಾಯಣಪುರದ ದ್ರೌಪತಿ ಇದ್ದಳು. ಮೂವತ್ತಾರು ವಯಸ್ಸು, ಅಂಗನವಾಡಿಯಲ್ಲಿ ಸಹಾಯಕಿ.

ಮೊದಲ ಭಾನುವಾರ ಹೆಸರು ಕರೆದಾಗ ಅವಳು ಎದ್ದು ನಿಂತು, ‘ಇದು ನಂದು ಮೂರನೇ ಸಲರಿ ಸರ್. ಮೊದಲ್ನೇ ಸಲ ಮದುವಿ ಆತು, ಓದು ಬಿಟ್ಟೆ. ಎರಡ್ನೇ ಸಲ ಅತ್ತಿಗಿ ಲಕ್ವಾ ಹೊಡದು ಕೈಕಾಲು ಬಿದ್ವು, ಬಿಟ್ಟೆ. ಈ ಸಲ ಬಿಡಾಂಗಿಲ್ರಿ’ ಎಂದಳು. ತರಗತಿಯಲ್ಲಿ ಯಾರೋ ನಕ್ಕರು. ನಾನು ಗದರಿದೆ. ಆಮೇಲೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಸಣ್ಣದೊಂದು ಗುರುತು ಹಾಕಿಕೊಂಡೆ. ದಿನಾ ಬರಬೇಕೆಂದು ಹೇಳಿದ ದಿನವೇ ಇವಳ ಓದು ಮುಗಿದಂತೆ ಎಂದು ನನಗೆ ಅಲ್ಲೇ ಗೊತ್ತಾಗಿತ್ತು.

ಇನ್ನು ಆ ಹುಡುಗಿಯ ವಿಚಾರ. ಫೋನಿನ ಪಾಠ ತಯಾರಿಸಲು ಮೇಷ್ಟ್ರಿಗೆ ನೆರವಾಗಲೆಂದು ವಿಶ್ವವಿದ್ಯಾಲಯದವರು ಹುಮನಾಬಾದ್‌ನಲ್ಲಿ ಒಂದು ಕೇಂದ್ರ ತೆರೆದಿದ್ದರು. ಅಲ್ಲಿ ಕೋರ್ಸ್ ಡಿಸೈನರ್ ಎಂಬ ಹುದ್ದೆಯಲ್ಲಿದ್ದವಳು ಮಹಜಬೀನ್, ಅದೇ ಊರಿನವಳು. ಪಾಠ ಹೇಳುವುದು ಅವಳ ಕೆಲಸವಲ್ಲ. ಪಾಠವನ್ನು ಹೇಗೆ ಕತ್ತರಿಸಬೇಕು, ಹೇಗೆ ಜೋಡಿಸಬೇಕು, ಎಲ್ಲಿ ಪ್ರಶ್ನೆ ಇಡಬೇಕು ಎಂದು ಪಾಠ ಹೇಳುವವನಿಗೆ ಹೇಳುವುದು ಅವಳ ಕೆಲಸ.

ನಾನು ಮೊದಲ ಸಲ ಹೋದಾಗ ಚಹಾ ತರಿಸಿ, ಎದುರಿಗೆ ಒಂದು ಹಾಳೆ ಇಟ್ಟುಕೊಂಡು ಕೇಳಿದಳು: ‘ಐದನೇ ವಾರದ ಪಾಠ ಮುಗಿದ ಮ್ಯಾಲ ವಿದ್ಯಾರ್ಥಿಗೆ ಏನು ಮಾಡಾಕ ಬರಬೇಕ್ರಿ ಸರ್?’

‘ಪ್ರಮಾಣ ವಿಚಲನೆ ಬರಬೇಕು. ಸ್ಟ್ಯಾಂಡರ್ಡ್ ಡೀವಿಯೇಶನ್.’

‘ಅಂದ್ರ ಏನು ಮಾಡ್ತಾರ್ರಿ?’

‘ಬರೀತಾರ.’

‘ಏನು ಬರೀತಾರ್ರಿ?’

‘ನಾ ಬರಸಿದ್ದು ಬರೀತಾರ! ಮತ್ತೇನು ಬರೀತಾರ?’

ಅವಳು ಅದನ್ನೇ ಹಾಳೆಯ ಮೇಲೆ ಬರೆದುಕೊಂಡಳು. ನಗಲಿಲ್ಲ. ನಕ್ಕಿದ್ದರೆ ಜಗಳ ತೆಗೆದು ಎದ್ದು ಬರಬಹುದಿತ್ತು. ನಾನು ನೋಟ್ಸ್ ಬರೆಸುವವನು. ನನ್ನ ನೋಟ್ಸ್ ಬರೆದುಕೊಂಡವರು ಇವತ್ತು ತಹಶೀಲ್ದಾರ್ ಕಚೇರಿಯಲ್ಲಿದ್ದಾರೆ, ಬ್ಯಾಂಕಿನಲ್ಲಿದ್ದಾರೆ. ಇವಳಿಗೇನು ಗೊತ್ತು ಎಂದುಕೊಂಡು, ನಲವತ್ತು ನಿಮಿಷದ ಪಾಠವನ್ನು ಕ್ಯಾಮೆರಾ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿ ಬಂದೆ. ಎಂಟು ಪಾಠ, ಎಂಟೂ ಹಾಗೆಯೇ. ಕತ್ತರಿಸಲು ಬಿಡಲಿಲ್ಲ.

ಅವಳು ಹಟ ಹಿಡಿದದ್ದು ಒಂದಕ್ಕೆ ಮಾತ್ರ. ಪ್ರತಿ ಪಾಠದ ಕೆಳಗೆ ಎರಡು ಬಟನ್ ಇಡುತ್ತೇನೆ ಎಂದಳು. ಹಸಿರಿನದು ‘ತಿಳಿಯಿತು’, ಕೆಂಪಿನದು ‘ತಿಳಿಯಲಿಲ್ಲ’. ‘ಕ್ಲಾಸಿನ್ಯಾಗ ನೀವು ಮಂದಿ ಮಾರಿ ನೋಡ್ತೀರಿ ಸರ್. ಫೋನಿನ್ಯಾಗ ಮಾರಿ ಕಾಣಾಂಗಿಲ್ಲ. ಅದಕ್ಕ ಇದು ಬೇಕು’ ಎಂದಳು.

‘ಇಟ್ಕೊಳ್ರಿ ಮೇಡಮ್ಮನವರ. ನನ್ನ ಪಾಠಕ್ಕ ಕೆಂಪು ಯಾರೂ ಒತ್ತಾಂಗಿಲ್ಲ’ ಎಂದೆ.

ನಾನು ಹೇಳಿದಂತೆಯೇ ಆಯಿತು. ಒಂದು ವಾರ, ಎರಡು ವಾರ, ನಾಲ್ಕು ವಾರ. ನಲವತ್ತೊಂದಕ್ಕೆ ನಲವತ್ತೊಂದು ಹಸಿರು. ಒಂದೇ ಒಂದು ಕೆಂಪಿಲ್ಲ. ಸ್ಟಾಫ್ ರೂಮಿನಲ್ಲಿ ಫೋನ್ ಎತ್ತಿ ಎಲ್ಲರಿಗೂ ತೋರಿಸಿದೆ. ಮನೆಯಲ್ಲೂ ತೋರಿಸಿದೆ. ‘ಮತ್ತ ಖುಷಿ ಆಗ್ರಿ, ಯಾಕ ಒದರಾಕತ್ತೀರಿ?’ ಎಂದಳು ಹೆಂಡತಿ.

ಮಹಜಬೀನ್‌ಗೆ ಮಾತ್ರ ಸಮಾಧಾನವಿರಲಿಲ್ಲ. ನಾಲ್ಕನೆಯ ವಾರ ಫೋನ್ ಮಾಡಿ, ‘ಸರ್, ಹನ್ನೆರಡು ಮಂದಿ ಪಾಠ ತೆಗೆದು ಒಂದು ನಿಮಿಷದಾಗ ತಿಳೀತು ಅಂತ ಒತ್ಯಾರ್ರಿ. ನಿಮ್ಮ ಪಾಠ ನಲವತ್ತು ನಿಮಿಷದ್ದು. ನನಗ್ಯಾಕೋ ಫಿಕರ್ ಆಗ್ಯಾದ’ ಎಂದಳು.

‘ನಿಮ್ಮ ಗಡಿಯಾರ ಕೆಟ್ಟಿರಬೇಕು’ ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ನನಗೂ ಕುಳಿತಲ್ಲಿ ಕೂರಲಾಗಲಿಲ್ಲ. ಊಟಕ್ಕೆ ಕುಳಿತರೂ ಅದೇ, ಸ್ನಾನಕ್ಕೆ ಹೋದರೂ ಅದೇ. ಹನ್ನೆರಡು ಮಂದಿ, ಒಂದು ನಿಮಿಷ.

ಐದನೆಯ ಭಾನುವಾರ ಕಿರುಪರೀಕ್ಷೆ ಇಟ್ಟೆ. ನೋಟ್ಸಿನಲ್ಲಿ ಇದ್ದ ಲೆಕ್ಕವನ್ನೇ ಕೊಟ್ಟೆ, ಅಂಕಿ ಮಾತ್ರ ಬೇರೆ. ಪಾಸಾದವರು ಒಂಬತ್ತು ಮಂದಿ. ನಲವತ್ತೊಂದರಲ್ಲಿ ಒಂಬತ್ತು! ಬಾಕಿಯವರು ನನ್ನ ನೋಟ್ಸಿನ ಅಂಕಿಗಳನ್ನೇ ಚಾಚೂ ತಪ್ಪದೆ ಬರೆದಿಟ್ಟಿದ್ದರು, ಪ್ರಶ್ನೆಯಲ್ಲಿ ಇದ್ದ ಅಂಕಿಗಳ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ದ್ರೌಪತಿಗೆ ಇಪ್ಪತ್ತಕ್ಕೆ ಮೂರು.

ಉತ್ತರ ಪತ್ರಿಕೆಯ ಕಟ್ಟನ್ನು ಸ್ಕೂಟರಿನ ಡಿಕ್ಕಿಗೆ ತುರುಕಿ, ಮರುದಿನವೇ ನಾರಾಯಣಪುರಕ್ಕೆ ಹೋದೆ. ಯಾರ ಮೇಲೆ ಕೂಗಾಡಬೇಕೆಂದು ನನಗೇ ಸ್ಪಷ್ಟವಿರಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳ ಊಟ ಮುಗಿದಿತ್ತು. ದ್ರೌಪತಿ ತಟ್ಟೆ ತೊಳೆಯುತ್ತಿದ್ದಳು. ನನ್ನನ್ನು ಕಂಡು ಒದ್ದೆ ಕೈಯಲ್ಲೇ ಸೆರಗು ಎಳೆದುಕೊಂಡು ಎದ್ದಳು.

‘ಮೂರು ಮಾರ್ಕು ತಗೊಂಡೀದಿ. ಮತ್ತ ಪ್ರತಿ ವಾರ ತಿಳೀತು, ತಿಳೀತು ಅಂತ ಒತ್ತೀದಿ. ಯಾರಿಗೆ ಟೋಪಿ ಹಾಕಾಕತ್ತೀದಿ?’

ನನ್ನ ದನಿಗೆ ಒಳಗಿದ್ದ ಕೂಸೊಂದು ಅಳತೊಡಗಿತು. ಅದನ್ನು ಎತ್ತಿಕೊಂಡು ಬಂದು, ಬೆನ್ನು ತಟ್ಟುತ್ತ ಹೇಳಿದಳು: ‘ರತ್ನದೀಪ ಸರ್ ನೆನಪದಾರೇನ್ರಿ?’

ನೆನಪಿಲ್ಲದೆ ಏನು. ನಮ್ಮಲ್ಲಿ ಅತಿಥಿ ಉಪನ್ಯಾಸಕನಾಗಿದ್ದ ಒಳ್ಳೆಯ ಹುಡುಗ. ಹೋದ ವರ್ಷ ಅವನನ್ನು ಮುಂದುವರಿಸಲಿಲ್ಲ.

‘ಅವರ ಬಗ್ಗೆ ಕಾಲೇಜಿನ್ಯಾಗ ಒಂದು ಕಾಗದ ಕೊಟ್ಟಿದ್ರಂತರಿ, ಪಾಠ ತಿಳೀತೋ ಇಲ್ಲೋ ಅಂತ ಬರೀಬೇಕಂತ. ನಮ್ಮ ಸಲ್ಮಾನನ ತಂಗಿ ಹೋದ ವರ್ಷ ಅದೇ ಕ್ಲಾಸಿನ್ಯಾಗ ಇದ್ದಳರಿ. ತಿಳೀಲಿಲ್ಲ ಅಂತ ಖರೇನೇ ಬರದಳು, ಬಾಳ ಮಂದಿ ಬರದ್ರು. ಮುಂದಿನ ತಿಂಗಳು ಸರ್ ಇಲ್ಲ. ಆ ಹುಡುಗಿ ಎರಡು ದಿನ ಊಟ ಮಾಡ್ಲಿಲ್ಲಂತರಿ. ಅದಕ್ಕ ನಾವು ಗ್ರೂಪಿನ್ಯಾಗ ಮಾತಾಡಿಕೊಂಡ್ವಿ. ನಮ್ಮಿಂದ ಇನ್ನೊಬ್ಬ ಸರ್ ಹೊಟ್ಟಿ ಮ್ಯಾಲ ಹೊಡತ ಬೀಳಬಾರದು ಅಂತ.’

‘ಅಂದ್ರ?’

‘ಕೆಂಪು ಯಾರೂ ಒತ್ತಬಾರದು ಅಂತರಿ. ಶನಿವಾರ ಸಲ್ಮಾನ್ ಎಲ್ಲಾರಿಗೂ ಮೆಸೇಜ್ ಹಾಕ್ತಾನ್ರಿ, ಹಸಿರು ಒತ್ತೀರೇನಂತ.’

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಖಾಯಂ ನೌಕರ, ನನ್ನನ್ನು ಹಾಗೆಲ್ಲ ತೆಗೆಯಲು ಬರುವುದಿಲ್ಲ, ನಿವೃತ್ತಿಗೆ ಇನ್ನು ನಾಲ್ಕು ವರ್ಷ ಎಂದೆಲ್ಲ ಕೂಗಿ ಹೇಳಿದೆ. ‘ಹಂಗೇನ್ರಿ? ನಮಗೇನು ಗೊತ್ರಿ ಅದೆಲ್ಲಾ’ ಎಂದಳು ದ್ರೌಪತಿ. ತಾವು ನಪಾಸಾದರೂ ಚಿಂತೆಯಿಲ್ಲ, ನನ್ನ ನೌಕರಿ ಉಳಿಯಲಿ ಎಂದು ನಲವತ್ತೊಂದು ಮಂದಿ ಸೇರಿ ನನ್ನನ್ನು ಕಾಯುತ್ತಿದ್ದರು. ಸಿಟ್ಟು ಎಲ್ಲಿ ಹೋಯಿತೋ. ಸ್ಕೂಟರ್ ಹತ್ತಿ ನೇರವಾಗಿ ಹುಮನಾಬಾದ್‌ಗೇ ಹೋದೆ.

ಮಹಜಬೀನ್ ಎಲ್ಲವನ್ನೂ ಕೇಳಿ ಹಣೆ ಒತ್ತಿಕೊಂಡಳು. ‘ತಪ್ಪು ನಂದುರಿ ಸರ್. ಬಟನ್ ಮಾಡಿದೆ, ಅದನ್ನ ಒತ್ತಿದ್ರ ಏನಾಗ್ತದ ಅಂತ ಮಂದಿ ಅಂದ್ಕೊಳ್ತಾರ ಅನ್ನೋದು ಕೇಳಲೇ ಇಲ್ಲ.’

‘ನಿಂದು ಆಮ್ಯಾಲ ನೋಡೋಣು ಬೇಟಿ. ಮೊದಲು ನಂದು ರಿಪೇರಿ ಮಾಡು’ ಎಂದೆ. ಸಮಿತಿ ಬರಲು ಮೂರು ವಾರ ಉಳಿದಿತ್ತು.

ಆ ಮೂರು ವಾರ ನಾನು ಬಸವಕಲ್ಯಾಣದಲ್ಲಿ ಇದ್ದದ್ದಕ್ಕಿಂತ ಹುಮನಾಬಾದ್‌ನಲ್ಲಿ ಇದ್ದದ್ದೇ ಹೆಚ್ಚು. ನಲವತ್ತು ನಿಮಿಷದ ಪಾಠಗಳನ್ನು ಆರಾರು ನಿಮಿಷಕ್ಕೆ ಕತ್ತರಿಸಿದೆವು. ಒಂದೊಂದು ತುಂಡಿನ ಕೊನೆಗೂ ಒಂದು ಸಣ್ಣ ಲೆಕ್ಕ. ಅದನ್ನು ಬಿಡಿಸದೆ ಮುಂದಿನದು ತೆರೆಯುವುದಿಲ್ಲ. ಹಳೆಯ ಹಸಿರೆಲ್ಲ ಅಳಿಸಿಹೋಗಿ, ಬಟನ್ನಿನ ಎಣಿಕೆ ಮೊದಲಿನಿಂದ ಶುರುವಾಯಿತು. ಬರೆಸುವುದೆಲ್ಲ ಫೋನಿನೊಳಗೆ ಹೋಯಿತು. ಭಾನುವಾರ ತರಗತಿಯಲ್ಲಿ ನಾನು ಸುಮ್ಮನಿರಬೇಕು, ಅವರು ಲೆಕ್ಕ ಬಿಡಿಸಬೇಕು ಎಂದಳು ಮಹಜಬೀನ್. ನಾನು ಸುಮ್ಮನಿರುವುದು! ಮೊದಲ ದಿನ ಹದಿನೈದು ನಿಮಿಷ ತಡೆದೆ, ಆಮೇಲೆ ಸೀಮೆಸುಣ್ಣ ಕೈಗೆತ್ತಿಕೊಂಡೆ. ಹಿಂದಿನ ಬೆಂಚಿನಲ್ಲಿ ನೋಡಲು ಬಂದು ಕುಳಿತಿದ್ದ ಮಹಜಬೀನ್ ಕೆಮ್ಮಿದಳು. ಸೀಮೆಸುಣ್ಣ ಕೆಳಗಿಟ್ಟೆ.

ಕೆಂಪು ಬಟನ್ ಮಾತ್ರ ಆಗಲೂ ಯಾರೂ ಒತ್ತಲಿಲ್ಲ. ನನ್ನ ನೌಕರಿ ಎಲ್ಲಿಗೂ ಹೋಗುವುದಿಲ್ಲ ಎಂದು ಆಣೆ ಮಾಡಿ ಹೇಳಿದರೂ ತಲೆ ಅಲ್ಲಾಡಿಸಿ, ಮನೆಗೆ ಹೋಗಿ ಹಸಿರನ್ನೇ ಒತ್ತಿದರು. ಕೊನೆಗೆ ನಾನೊಂದು ನಿಯಮ ಮಾಡಿದೆ: ಈ ವಾರ ಯಾರು ಯಾರು ‘ತಿಳಿಯಿತು’ ಎಂದು ಒತ್ತುತ್ತಾರೋ ಅವರು ಭಾನುವಾರ ಬೋರ್ಡಿನ ಮುಂದೆ ನಿಂತು ಆ ಪಾಠವನ್ನು ಎಲ್ಲರಿಗೂ ಹೇಳಿಕೊಡಬೇಕು.

ಗುರುವಾರದೊಳಗೆ ಮೂವತ್ತೆಂಟು ಕೆಂಪು ಬಿದ್ದವು.

ಆಮೇಲೆ ನಿಲ್ಲಲೇ ಇಲ್ಲ. ಕೆಂಪು ಒತ್ತಿದರೆ ಯಾವ ನಿಮಿಷದಲ್ಲಿ ತಿಳಿಯಲಿಲ್ಲ ಎಂದು ಎರಡು ಸಾಲು ಬರೆಯುವ ಜಾಗವನ್ನೂ ಮಹಜಬೀನ್ ಮಾಡಿಕೊಟ್ಟಳು. ದ್ರೌಪತಿಯೇ ಎಲ್ಲರಿಗಿಂತ ಹೆಚ್ಚು ಬರೆದಳು. ‘ಮಧ್ಯಾಂಕಕ್ಕ ಅಂಕಿ ಸಾಲಾಗಿ ಯಾಕ ಇಡಬೇಕ್ರಿ.’ ‘ಸರಾಸರಿ ಹನ್ನೆರಡು ಅಂದ್ರ ಎಲ್ಲಾ ಮಕ್ಕಳದು ಹನ್ನೆರಡು ಇರಾಂಗಿಲ್ಲಲ್ರಿ.’ ಓದುತ್ತ ನನಗೆ ನಾಚಿಕೆಯಾಗುತ್ತಿತ್ತು, ಸಿಟ್ಟೂ ಬರುತ್ತಿತ್ತು, ಮತ್ತೆ ಆರು ನಿಮಿಷದ ಪಾಠವೊಂದನ್ನು ಮಾಡಲು ಓಡುತ್ತಿದ್ದೆ. ಮೂರು ವಾರ ಮುಗಿಯುವಷ್ಟರಲ್ಲಿ ಇನ್ನೂರ ಇಪ್ಪತ್ತಾರು ಕೆಂಪು. ಸಮಿತಿ ಸೇರುವ ಹಿಂದಿನ ಭಾನುವಾರ ಇನ್ನೊಂದು ಪರೀಕ್ಷೆ ಇಟ್ಟೆ. ಇಪ್ಪತ್ತೇಳು ಮಂದಿ ಪಾಸಾದರು. ದ್ರೌಪತಿಗೆ ಇಪ್ಪತ್ತಕ್ಕೆ ಹನ್ನೊಂದು. ಪತ್ರಿಕೆ ಕೈಗೆ ಸಿಕ್ಕ ಮೇಲೆ ಅದನ್ನು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡಳು. ಅವಳನ್ನು ನೋಡಿ ನನಗೇ ಇಪ್ಪತ್ತಕ್ಕೆ ಇಪ್ಪತ್ತು ಬಂದಷ್ಟು ಸಂತೋಷವಾಯಿತು.

ಸಮಿತಿ ಸೇರಿದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಹುಮನಾಬಾದ್‌ನ ಕೇಂದ್ರದಲ್ಲೇ. ಇಸ್ತ್ರಿ ಅಂಗಿ ಹಾಕಿಕೊಂಡು, ಎರಡನೆಯ ಪರೀಕ್ಷೆಯ ಫಲಿತಾಂಶವನ್ನು ಫೈಲಿನಲ್ಲಿ ಹಿಡಿದುಕೊಂಡು, ಗೆದ್ದೇ ಬರುತ್ತೇನೆಂದು ಹೋಗಿದ್ದೆ. ಅಧ್ಯಕ್ಷರು ದೂರದಿಂದ ಬಂದ ಹಿರಿಯ ಪ್ರೊಫೆಸರ್. ಮೃದು ಮಾತಿನವರು. ಗೋಡೆಯ ಪರದೆಯ ಮೇಲೆ ನಮ್ಮ ಬ್ಯಾಚಿನ ಆರೂ ಪತ್ರಿಕೆಗಳ ವರದಿ ಬಂತು. ಐದು ಹಸಿರು, ಒಂದು ಕೆಂಪು.

‘ಬಸವಣಪ್ಪನವರೇ, ನಿಮ್ಮದೊಂದೇ ಯಾಕೆ ಹೀಗಾಗಿದೆ? ಉಳಿದ ಐದು ಪತ್ರಿಕೆಗಳಲ್ಲಿ ಇದೇ ವಿದ್ಯಾರ್ಥಿಗಳಿಗೆ ನೂರಕ್ಕೆ ನೂರು ತಿಳಿದಿದೆ’ ಎಂದರು.

ನಾನು ಫೈಲ್ ಬಿಚ್ಚಿದೆ. ಒಂಬತ್ತಿದ್ದದ್ದು ಇಪ್ಪತ್ತೇಳಾಗಿದೆ ಎಂದೆ. ರತ್ನದೀಪನ ಕಥೆ ಹೇಳಿದೆ. ಮಹಜಬೀನ್ ಎದ್ದು ನಿಂತು, ಕೆಂಪು ಬಿದ್ದ ಪಾಠಗಳನ್ನು ಹೇಗೆ ತಿದ್ದಿದೆವು ಎಂದು ಒಂದೊಂದಾಗಿ ತೋರಿಸಿದಳು. ಅಧ್ಯಕ್ಷರು ತಾಳ್ಮೆಯಿಂದ ಎಲ್ಲ ಕೇಳಿದರು. ಆಮೇಲೆ ಹೇಳಿದರು:

‘ನನಗೆ ನಂಬಿಕೆ ಇದೆ. ಆದರೆ ನಮೂನೆಯಲ್ಲಿ ನಿಮ್ಮ ಪರೀಕ್ಷೆಗೆ ಅಂಕಣವಿಲ್ಲ. ‘ತಿಳಿಯಿತು’ ಎಂಬ ಅಂಕಣವಿದೆ. ಯಾವುದೇ ಒಂದು ಪತ್ರಿಕೆಯಲ್ಲಿ ಅದು ಶೇಕಡಾ ಅರವತ್ತಕ್ಕಿಂತ ಕಡಿಮೆಯಾದರೆ ಬ್ಯಾಚ್ ಮುಚ್ಚಿ ಎಂದು ಬರೆದಿದೆ. ನಿಮ್ಮದು ಮೂವತ್ತೊಂದು. ನಾನು ಸಂಜೆವರೆಗೆ ಇಲ್ಲೇ ಇರುತ್ತೇನೆ. ಆ ಬಟನ್ನನ್ನು ತೆಗೆದುಬಿಡಿ. ಅದು ಇಲ್ಲದಿದ್ದರೆ ಅಂಕಣ ‘ಅನ್ವಯಿಸುವುದಿಲ್ಲ’ ಎಂದು ಬರುತ್ತದೆ, ನಾನು ಸಹಿ ಮಾಡುತ್ತೇನೆ. ಅವಧಿಯ ಕೊನೆಗೆ ಇನ್ನೊಮ್ಮೆ ನೋಡುತ್ತೇವೆ, ಅಷ್ಟೇ.’

ಹೊರಗೆ ಬಂದು ಜಗಲಿಯ ಮೇಲೆ ನಿಂತೆವು. ನನಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಆ ತುದಿಯಿಂದ ಈ ತುದಿಗೆ ತಿರುಗಿದೆ. ಮಹಜಬೀನ್ ನನ್ನ ಮುಖ ನೋಡುತ್ತಿದ್ದಳು. ‘ನಾ ಹೇಳಾಂಗಿಲ್ರಿ ಸರ್. ಪಾಠ ನಿಮ್ದು. ಬಟನ್ ತೆಗೀಬೇಕಂದ್ರ ನಿಮ್ಮ ಸಹಿ ಬೇಕು’ ಎಂದಳು.

ಹಾಜರಿ ಪುಸ್ತಕದ ಹೆಸರುಗಳೆಲ್ಲ ಕಣ್ಣ ಮುಂದೆ ಬಂದವು. ಬ್ಯಾಚ್ ಮುಚ್ಚಿದರೆ ಹತ್ತು ಮಂದಿ ಉಳಿದರೆ ಹೆಚ್ಚು. ಯಾವುದೋ ಒಂದು ಬಟನ್‌ಗಾಗಿ ನಲವತ್ತೊಂದು ಮಂದಿಯ ಓದನ್ನು ಪಣಕ್ಕಿಡಲೇ? ‘ತಗಿ ಬೇಟಿ’ ಎಂದೆ. ಅವಳು ಒಂದು ಹಾಳೆ ತಂದಳು. ಸಹಿ ಹಾಕಿದೆ. ಐದು ನಿಮಿಷದಲ್ಲಿ ಕೆಂಪೂ ಹೋಯಿತು, ಹಸಿರೂ ಹೋಯಿತು. ಮೂರು ಗಂಟೆಗೆ ಒಪ್ಪಿಗೆಯ ಪತ್ರ ಕೈಗೆ ಬಂತು. ಅಧ್ಯಕ್ಷರು ಕೈಕುಲುಕಿದರು. ಮಹಜಬೀನ್ ‘ಮುಬಾರಕ್ ಹೋ ಸರ್’ ಎಂದಳು, ಆದರೆ ನನ್ನ ಕಡೆ ನೋಡಲಿಲ್ಲ.

ಬಸವಕಲ್ಯಾಣದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಪತ್ರವನ್ನು ತೆಗೆದು ಓದಿದೆ, ಮಡಚಿದೆ, ಮತ್ತೆ ತೆಗೆದು ಓದಿದೆ. ಗೆದ್ದವನಿಗೆ ಇಷ್ಟು ಕಸಿವಿಸಿ ಯಾಕೆ? ಊರು ದಾಟಿ ಹೆದ್ದಾರಿಗೆ ಬರುವಷ್ಟರಲ್ಲಿ ಫೋನ್ ಬಂತು. ದ್ರೌಪತಿ.

‘ಸರ್, ತೊಂದ್ರಿ ಕೊಡಾಕತ್ತೀನೇನ್ರಿ?’

‘ಹೇಳವಾ. ಬ್ಯಾಚ್ ಉಳೀತು. ಒಪ್ಪಿಗಿ ಸಿಕ್ತು.’

‘ಹೌದೇನ್ರಿ! ಚಲೋ ಆತ್ರಿ’ ಎಂದಳು. ‘ಸರ್, ಮಕ್ಕಳಿಗಿ ಮನಿಗಿ ಕಳಿಸಿ ಈಗ ಪಾಠ ನೋಡಾಕ ಕುಂತಿದ್ನಿರಿ. ಬಟನ್ ಇಲ್ರಿ. ಎರಡೂ ಇಲ್ಲ. ನಾ ಬಾಳ ಸಲ ಒತ್ತಿದೆ ಅಂತ ತಗದ್ರೇನ್ರಿ? ನನ್ನ ಸಲುವಾಗಿ ನಿಮಗೇನರ ಅಂದ್ರೇನ್ರಿ?’

ಸುಳ್ಳು ಹೇಳೋಣವೆಂದರೆ ನಾಲಿಗೆ ಹೊರಳಲಿಲ್ಲ. ‘ಇಲ್ಲವಾ. ನಿನ್ನಿಂದ ಅಲ್ಲ. ನಾನೇ ತಗಸೀನಿ’ ಎಂದೆ.

‘ಯಾಕ್ರಿ?’

ಅದಕ್ಕೆ ಉತ್ತರ ಕೊಡುವ ಬದಲು ಬೇರೆ ಕೇಳಿದೆ. ‘ಏನು ತಿಳೀಲಿಲ್ಲ ಹೇಳು. ಈಗ ಹೇಳ್ತೀನಿ.’

‘ಪ್ರಮಾಣ ವಿಚಲನೆರಿ. ಎರಡನೇ ತುಂಡು. ವರ್ಗ ಯಾಕ ಮಾಡಬೇಕ್ರಿ?’

ಆ ಬಸ್ಸಿನಲ್ಲೇ ಶುರು ಮಾಡಿದೆ. ನನ್ನ ದನಿ ಎಂಥದೆಂದು ಮೊದಲೇ ಹೇಳಿದ್ದೇನೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ‘ನಿನ್ನ ಅಂಗನವಾಡಿಯ ಐದು ಮಕ್ಕಳು ಹಿಡಿ. ತೂಕ ಎಂಟು, ಹತ್ತು, ಹನ್ನೆರಡು, ಹದಿನಾಕು, ಹದಿನಾರು ಕಿಲೋ. ಸರಾಸರಿ ಎಷ್ಟು?’

‘ಹನ್ನೆರಡುರಿ.’

‘ಸರಾಸರಿ ಚಲೋ ಅದ ಅಂತ ಮ್ಯಾಲಿನವರಿಗೆ ಬರದು ಕಳಸ್ತೀದಿ. ಆದ್ರ ಎಂಟು ಕಿಲೋದ ಕೂಸು?’

‘ಅದು ಬಾಳ ಸೊರಗ್ಯಾದರಿ.’

‘ಅದಕ್ಕ ಒಬ್ಬೊಬ್ಬರು ಸರಾಸರಿಯಿಂದ ಎಷ್ಟು ದೂರ ಅದಾರ ನೋಡಬೇಕು. ಮೈನಸ್ ನಾಕು, ಮೈನಸ್ ಎರಡು, ಸೊನ್ನಿ, ಪ್ಲಸ್ ಎರಡು, ಪ್ಲಸ್ ನಾಕು. ಕೂಡಸು.’

‘ಸೊನ್ನಿ ಬಂತ್ರಿ.’

‘ಹಾಂ! ಪ್ಲಸ್ ಮೈನಸ್‌ನ ನುಂಗ್ತು. ಫರಕ ಇದ್ರೂ ಇಲ್ಲಂದಂಗ ಆತು. ಅದಕ್ಕ ವರ್ಗ ಮಾಡ್ತೀವಿ. ವರ್ಗ ಮಾಡಿದ್ರ ಮೈನಸ್ ಹೋಗ್ತದ.’

ಪಕ್ಕದಲ್ಲಿ ಕುಳಿತಿದ್ದ ರುಮಾಲಿನ ಮುದುಕರೊಬ್ಬರು, ‘ಬರೋಬರಿ ಹೇಳಿದ್ರಿ’ ಎಂದರು. ನನಗೂ ಬರೋಬರಿ ಹೇಳಿದೆ ಎನಿಸಿತು. ದ್ರೌಪತಿ ತಡೆದು ತಡೆದು ಹೇಳಿದಳು:

‘ಇಲ್ರಿ ಸರ್. ಇನ್ನಾ ತಿಳೀಲಿಲ್ರಿ.’

ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಈ ಮಾತನ್ನು ನನಗೆ ನೇರವಾಗಿ ಹೇಳಿರಲಿಲ್ಲ. ತಿಳಿಯಿತೇ ಎಂದು ಪ್ರತಿ ಪಾಠದ ಕೊನೆಗೂ ಕೇಳುತ್ತಿದ್ದೆ, ಪ್ರತಿ ಸಲವೂ ಇಡೀ ತರಗತಿ ಒಕ್ಕೊರಲಿನಿಂದ ಹೌದೆನ್ನುತ್ತಿತ್ತು. ಇವಳಿಗೆ ಈ ನಾಲ್ಕು ಮಾತು ಬಾಯಿಗೆ ಬರಬೇಕಾದರೆ ಎರಡು ವಾರ ಕೆಂಪು ಬಟನ್ ಒತ್ತಿ ರೂಢಿಯಾಗಬೇಕಾಯಿತು. ಉಳಿದ ನಲವತ್ತು ಮಂದಿ ಇಂದು ಸಂಜೆ ಫೋನ್ ತೆಗೆದು, ಬಟನ್ ಕಾಣದೆ, ಒತ್ತಿದ್ದೇ ತಪ್ಪಾಯಿತು ಎಂದುಕೊಳ್ಳುತ್ತಾರೆ. ಇನ್ನು ಜನ್ಮದಲ್ಲಿ ತಿಳಿಯಲಿಲ್ಲ ಎನ್ನುವುದಿಲ್ಲ. ನಾನು ಬ್ಯಾಚ್ ಉಳಿಸಿಕೊಂಡು ಬರುತ್ತಿದ್ದೆ. ಅದರೊಳಗೆ ಅವರು ಮತ್ತೆ ಅಂಕಿ ಬಾಯಿಪಾಠ ಮಾಡಿ ನಪಾಸಾಗುತ್ತಾರೆ, ಅಷ್ಟೇ.

ಬಸ್ಸು ನಡುದಾರಿಯ ಊರು ರಾಜೇಶ್ವರದಲ್ಲಿ ನಿಂತಿತ್ತು. ನಾನು ಎದ್ದೆ.

‘ನಿಮ್ಮ ಟಿಕೀಟ್ ಬಸವಕಲ್ಯಾಣದ್ದಲ್ರಿ?’ ಎಂದ ಕಂಡಕ್ಟರ್.

‘ಹೌದು. ಇಳೀತೀನಿ, ನಿಂಗೇನಾಗ್ಯಾದ?’ ಎಂದು ಅವನ ಮೇಲೆ ರೇಗಿ ಇಳಿದೆ. ರಸ್ತೆ ದಾಟಿ ಹುಮನಾಬಾದ್ ಕಡೆಯ ಬಸ್ಸು ನಿಲ್ಲುವ ಜಾಗಕ್ಕೆ ಬಂದೆ. ಇನ್ನೊಂದು ಸಹಿ ಹಾಕಿದರೆ ಬಟನ್ ವಾಪಸ್ ಬರುತ್ತದೆ. ಅಧ್ಯಕ್ಷರು ಸಂಜೆವರೆಗೆ ಇರುತ್ತಾರೆ. ಅವರ ಎದುರಿಗೇ ಸಹಿ ಹಾಕಬೇಕು. ಅವರು ಒಪ್ಪಿಗೆಯ ಪತ್ರವನ್ನು ಹಿಂದಕ್ಕೆ ಕೇಳಬಹುದು. ಕೇಳಿದರೆ ಕೊಡಬೇಕಾಗುತ್ತದೆ. ಬ್ಯಾಚ್ ಮುಚ್ಚಿದರೆ ನಾಳೆ ಹಾಜರಿ ಪುಸ್ತಕದಲ್ಲಿ ದ್ರೌಪತಿಯ ಹೆಸರಿನ ಮೇಲೆ ಗೆರೆ ಎಳೆಯುವವನು ನಾನೇ.

ಫೋನ್ ಇನ್ನೂ ಕಿವಿಯಲ್ಲೇ ಇತ್ತು. ‘ಸರ್, ಅದಾರೇನ್ರಿ?’ ಎನ್ನುತ್ತಿದ್ದಳು.

‘ಅದೀನಿ. ಏನು ತಿಳೀಲಿಲ್ಲ, ಬಿಡಿಸಿ ಹೇಳು.’

‘ಮೈನಸ್ ಹೋಗ್ಲಿ ಅಂತ ವರ್ಗ ಮಾಡೋದಾದ್ರ, ಸುಮ್ನ ಆ ಮೈನಸ್ ಅಳಿಸಿಬಿಟ್ರ ಆಗಾಂಗಿಲ್ಲೇನ್ರಿ? ನಾಕು, ಎರಡು, ಎರಡು, ನಾಕು. ಕೂಡಿಸಿದ್ರ ಆತಲ್ರಿ. ಇಷ್ಟು ದೊಡ್ಡ ಲೆಕ್ಕ ಯಾಕ ಬೇಕ್ರಿ?’

‘ಹಂಗೂ ಒಂದು ಪದ್ಧತಿ ಅದ. ಸರಾಸರಿ ವಿಚಲನೆ ಅಂತಾರ. ಆದ್ರ ಚಿಹ್ನೆಗಳನ್ನು ಕಡೆಗಣಿಸುವುದು ಗಣಿತದ ದೃಷ್ಟಿಯಿಂದ ಸಮಂಜಸವಲ್ಲ’ ಎಂದೆ. ಇದು ನನ್ನ ನೋಟ್ಸಿನ ವಾಕ್ಯ. ಸಾವಿರಾರು ಮಕ್ಕಳಿಗೆ ಬರೆಸಿದ್ದೇನೆ.

‘ಯಾಕ ಸಮಂಜಸ ಅಲ್ರಿ?’

ಬಾಯಿ ತೆರೆದೆ. ಮುಂದಿನ ವಾಕ್ಯಕ್ಕೆ ಕಾದೆ. ಅದು ಬರಲಿಲ್ಲ. ನೋಟ್ಸಿನಲ್ಲಿ ಮುಂದಿನ ವಾಕ್ಯ ಇರಲಿಲ್ಲ. ನನ್ನ ಗುರುಗಳು ನನಗೆ ಅಷ್ಟೇ ಬರೆಸಿದ್ದರು, ನಾನೂ ಅಷ್ಟೇ ಬರೆಸಿದ್ದೆ. ತಿಳಿಯಿತೇ ಎಂದು ಅವರು ಕೇಳಿದಾಗ ನಾನೂ ಹೌದ್ರಿ ಎಂದಿದ್ದೆ. ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. ಬೇರೆ ದಿನವಾಗಿದ್ದರೆ ಸದ್ದು ಕೇಳುವುದಿಲ್ಲ ಎಂದು ಫೋನ್ ಇಟ್ಟುಬಿಡುತ್ತಿದ್ದೆ.

‘ದ್ರೌಪತಿ, ನನಗೂ ತಿಳದಿಲ್ಲವಾ’ ಎಂದೆ.

ಅವಳು ಸಣ್ಣ ದನಿಯಲ್ಲಿ, ನನಗೆ ಎಲ್ಲಿ ನೋವಾಗುತ್ತದೋ ಎನ್ನುವ ಹಾಗೆ ಹೇಳಿದಳು:

‘ಹಂಗಿದ್ರ ನೀವೂ ಒತ್ತಬೇಕಿತ್ತಲ್ರಿ ಸರ್.’

ಹುಮನಾಬಾದ್ ಬಸ್ಸು ಬರುವುದು ಕಂಡಿತು. ರಸ್ತೆಗೆ ಇಳಿದು ಕೈ ಅಡ್ಡ ಹಿಡಿದೆ.